ತಲೆ ಸುತ್ತಿದ್ದು ಎಷ್ಟು ಹೊತ್ತು, ಆಗ ಕಿವಿಗೆ ಏನಾಯಿತು?

ಕಿವಿ ಕಟ್ಟಿದ ಹಾಗಿದೆ, ಒಳಗೆ ಗುಂಯ್ ಅನ್ನುತ್ತದೆ, ಆಗಾಗ ತಲೆ ತಿರುಗುತ್ತದೆ. ಈ ಮೂರನ್ನೂ ಒಟ್ಟಿಗೆ ಹೇಳುವವರು ಹೆಚ್ಚಾಗಿ ದಪ್ಪ ಫೈಲ್ ಹಿಡಿದು ಬರುತ್ತಾರೆ. ಅದರಲ್ಲಿ ತಲೆಯ ಸ್ಕ್ಯಾನ್ ಇರುತ್ತದೆ, ಕತ್ತಿನ ಎಕ್ಸ್‌ರೇ ಇರುತ್ತದೆ. ಕಿವಿ ಎಷ್ಟು ಕೇಳಿಸುತ್ತದೆ ಎಂದು ಅಳೆದ ಆಡಿಯೋಗ್ರಾಂ ಮಾತ್ರ ಇರುವುದಿಲ್ಲ. ಅದನ್ನು ಮಾಡಿಸುವ ಮೊದಲೇ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಸುತ್ತು ಬಂದರೆ ಎಷ್ಟು ಹೊತ್ತು ಇರುತ್ತದೆ? ಆ ಹೊತ್ತಿನಲ್ಲಿ ಕಿವಿಗೆ ಏನಾಗುತ್ತದೆ?

"ಇಡೀ ದಿನ ಇರುತ್ತೆ ಡಾಕ್ಟ್ರೇ" ಎನ್ನುವವರೇ ಜಾಸ್ತಿ. ಬಿಡಿಸಿ ಕೇಳಿದರೆ ಗಿರ್ರೆಂದು ತಿರುಗಿದ್ದು ಅರ್ಧ ನಿಮಿಷ. ಉಳಿದ ಹೊತ್ತೆಲ್ಲ ಮತ್ತೆ ಬಂದೀತು ಎಂಬ ಭಯ, ತೇಲಿದ ಹಾಗೆ ಅನಿಸುವುದು. ಇದಿಷ್ಟು ಸ್ಪಷ್ಟವಾದರೆ ಅರ್ಧ ದಾರಿ ಸವೆದಂತೆ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ತಲೆ ಎತ್ತಿ ಮೇಲೆ ನೋಡಿದಾಗ ರೂಮೇ ತಿರುಗಿ, ಒಂದು ನಿಮಿಷದೊಳಗೆ ನಿಂತರೆ ಅದು ಬಹುತೇಕ ಬಿಪಿಪಿವಿ, ಅಂದರೆ ತಲೆಯ ಭಂಗಿ ಬದಲಾದಾಗ ಬರುವ, ಅಪಾಯವಿಲ್ಲದ ಸುತ್ತು. ಒಳಕಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಟ್ಟ ಹರಳುಗಳಿವೆ. ಅವು ಜಾಗ ಬಿಟ್ಟು ಅರ್ಧವೃತ್ತದ ನಾಳದೊಳಗೆ ಜಾರಿದರೆ, ತಲೆ ಅಲುಗಿದಾಗೆಲ್ಲ ಮಿದುಳಿಗೆ ತಪ್ಪು ಸುದ್ದಿ ಹೋಗುತ್ತದೆ. ಇದನ್ನು ಹಿಡಿಯಲು ಸ್ಕ್ಯಾನ್ ಬೇಕಿಲ್ಲ. ರೋಗಿಯ ತಲೆಯನ್ನು 45 ಡಿಗ್ರಿ ಪಕ್ಕಕ್ಕೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ಮಂಚದ ಅಂಚಿನಿಂದ ತಲೆ ಸ್ವಲ್ಪ ಕೆಳಗಿಳಿಯುವಂತೆ ಹಿಡಿದು ಕಣ್ಣು ನೋಡುತ್ತೇವೆ. ಕೆಲವು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ಕಣ್ಣುಗುಡ್ಡೆ ತಿರುಚಿಕೊಂಡು ಮೇಲಕ್ಕೆ ಜಗ್ಗತೊಡಗುತ್ತದೆ. ರೋಗಿ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ನೋಡನೋಡುತ್ತಲೇ ಅದು ತಣ್ಣಗಾಗುತ್ತದೆ. ಡಿಕ್ಸ್ ಮತ್ತು ಹಾಲ್‌ಪೈಕ್ 1952ರಲ್ಲಿ ವಿವರಿಸಿದ ಪರೀಕ್ಷೆ ಇದು. ಅದೇ ಮಂಚದ ಮೇಲೆ ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ವಾಪಸ್ ಕಳಿಸುವುದು ಎಪ್ಲಿ ವಿಧಾನ. ತುಂಬಾ ಜನರಿಗೆ ಒಂದೆರಡು ಸಲಕ್ಕೇ ವಾಸಿಯಾಗುತ್ತದೆ. ಯಾವ ಮಾತ್ರೆಯೂ ಹರಳನ್ನು ಸರಿಸುವುದಿಲ್ಲ.

ಬಿಪಿಪಿವಿ ಒಂದೇ ಇದ್ದರೆ ಕಿವಿ ಕಟ್ಟುವುದಿಲ್ಲ, ಮಂದವಾಗುವುದಿಲ್ಲ. ಸುತ್ತಿನ ಜೊತೆಗೆ ಕಿವಿಯೂ ಏರುಪೇರಾದರೆ ಬೇರೆ ಕಡೆ ಹುಡುಕಬೇಕು.

ಒಂದು ಕಿವಿ ಬಿಗಿಯಾಗುತ್ತಾ ಬರುತ್ತದೆ, ಒಳಗೆ ದಪ್ಪ ದನಿಯ ಮೊರೆತ ಏಳುತ್ತದೆ, ಮಾತು ಮಂಕಾಗುತ್ತದೆ, ಆಮೇಲೆ ಸುತ್ತು, ವಾಂತಿ. 20 ನಿಮಿಷದಿಂದ 12 ಗಂಟೆ ತನಕ ಇದ್ದು ಇಳಿಯುತ್ತದೆ. ಕಿವಿಯೂ ತಿಳಿಯಾಗುತ್ತದೆ. ಕೆಲವು ವಾರ ಬಿಟ್ಟು ಮತ್ತೆ ಬರುತ್ತದೆ. ಇದು ಮೆನಿಯೇರ್ ಕಾಯಿಲೆಯ ನಡೆ. ಇಂಥ ಸುತ್ತನ್ನೆಲ್ಲ ಮಿದುಳಿನ ಲೆಕ್ಕಕ್ಕೆ ಹಾಕುತ್ತಿದ್ದ ಕಾಲದಲ್ಲಿ, 1861ರಲ್ಲಿ, ಇದರ ಮೂಲ ಒಳಕಿವಿಯಲ್ಲಿದೆ ಎಂದು ಪ್ಯಾರಿಸಿನ ವೈದ್ಯ ಪ್ರಾಸ್ಪರ್ ಮೆನಿಯೇರ್ ಹೇಳಿದರು. ಒಂದು ಸಲದ ಸುತ್ತಿಗೆ ಈ ಹೆಸರು ಕೊಡಬಾರದು. ಕನಿಷ್ಠ ಎರಡು ಸಲ ಹೀಗಾಗಿರಬೇಕು, ಆಡಿಯೋಗ್ರಾಂನಲ್ಲಿ ಕಡಿಮೆ ಆವರ್ತನದ, ಅಂದರೆ ದಪ್ಪ ದನಿಯ ಸದ್ದುಗಳು ಕೇಳಿಸುವುದು ಕುಸಿದಿರಬೇಕು. ಕಿವಿ ತಿಳಿಯಾದ ಮೇಲೆ ಪರೀಕ್ಷೆ ಮಾಡಿದರೆ ಎಲ್ಲವೂ ಸರಿಯಾಗಿಯೇ ಕಾಣಬಹುದು. ಅದಕ್ಕೇ ಕಿವಿ ಕಟ್ಟಿರುವಾಗಲೇ ಬನ್ನಿ ಎನ್ನುತ್ತೇನೆ. ಬರಲಾಗದಿದ್ದರೆ ಸುತ್ತು ಶುರುವಾದ, ನಿಂತ ಸಮಯ ಬರೆದಿಡಿ. ಮನೆಯವರಿಂದ ನಿಮ್ಮ ಕಣ್ಣನ್ನು ಫೋನಿನಲ್ಲಿ ವಿಡಿಯೋ ಮಾಡಿಸಿ.

ಚಿಕಿತ್ಸೆಯಲ್ಲಿ ಉಪ್ಪು ಕಡಿಮೆ ಮಾಡಿ ಎನ್ನುತ್ತೇವೆ, ಬೀಟಾಹಿಸ್ಟೀನ್ ಎಂಬ ಮಾತ್ರೆ ಬರೆಯುತ್ತೇವೆ. ಎರಡಕ್ಕೂ ಗಟ್ಟಿ ಪುರಾವೆ ಇಲ್ಲ. 2016ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ ಬೀಟಾಹಿಸ್ಟೀನ್ ತೆಗೆದುಕೊಂಡವರಿಗೂ ಸುಮ್ನೆ ಹುಸಿಮಾತ್ರೆ ತೆಗೆದುಕೊಂಡವರಿಗೂ ಸುತ್ತು ಒಂದೇ ಪ್ರಮಾಣದಲ್ಲಿ ಕಡಿಮೆಯಾಯಿತು. ಇದನ್ನು ರೋಗಿಗೆ ಹೇಳಿಯೇ ಕೊಡಬೇಕು, ಕೆಲವು ತಿಂಗಳಲ್ಲಿ ಉಪಯೋಗ ಕಾಣದಿದ್ದರೆ ನಿಲ್ಲಿಸಬೇಕು ಎಂಬುದು ನನ್ನ ನಿಲುವು. ಸುತ್ತು ಬಗ್ಗದಿದ್ದರೆ ಕಿವಿಯ ತಮಟೆಯ ಮೂಲಕ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ. ಅದೇ ದಾರಿಯಲ್ಲಿ ಕೊಡುವ ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್ ಇನ್ನೂ ಪರಿಣಾಮಕಾರಿ. ಆದರೆ ಅದು ಉಳಿದಿರುವ ಶ್ರವಣಶಕ್ತಿಯನ್ನೂ ಕಸಿಯಬಹುದು, ಹಾಗಾಗಿ ಕೊನೆಗೆ.

ಮೆನಿಯೇರ್ ಎಂದು ವರ್ಷಗಟ್ಟಲೆ ಔಷಧಿ ತಿಂದವರಲ್ಲಿ ಕೆಲವರಿಗೆ ಇರುವುದು ಮೈಗ್ರೇನ್. ಸುತ್ತು ಬಂದಾಗ ತಲೆನೋವು ಇರಲೇಬೇಕೆಂದಿಲ್ಲ. ಬೆಳಕು, ಸದ್ದು ಸಹಿಸಲಾಗುವುದಿಲ್ಲವೇ, ಹಿಂದೆ ಅರೆತಲೆನೋವು ಇತ್ತೇ ಎಂದು ಕೇಳಬೇಕು. ಇದರಲ್ಲೂ ಕಿವಿ ಬಿಗಿಯುತ್ತದೆ, ಗುಂಯ್‌ಗುಡುತ್ತದೆ, ಆದರೆ ವರ್ಷ ಕಳೆದರೂ ಆಡಿಯೋಗ್ರಾಂ ಸಾಮಾನ್ಯವಾಗಿ ಕುಸಿಯುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತರುವ ವಿಷಯ. ಬೆಳಿಗ್ಗೆ ಎದ್ದಾಗ ಒಂದು ಕಿವಿ ಕಟ್ಟಿದೆ. ಗುಗ್ಗೆ ಇರಬೇಕು, ನೆಗಡಿ ಇರಬೇಕು ಎಂದುಕೊಂಡು ಎಣ್ಣೆ ಬಿಡುತ್ತಾರೆ, ವಾರ ಕಾಯುತ್ತಾರೆ. ಎಷ್ಟೋ ಸಲ ಅದು ನಿಜವಾಗಿಯೂ ಗುಗ್ಗೆಯೇ. ಆದರೆ ನರದ ಶ್ರವಣಶಕ್ತಿ ಒಮ್ಮೆಲೇ ಕುಸಿದಾಗಲೂ "ಕೇಳಿಸುತ್ತಿಲ್ಲ" ಎಂದು ಅನಿಸದೆ, ಬರೀ "ಕಟ್ಟಿದೆ" ಎಂದು ಅನಿಸಬಹುದು. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬಾಯಿ ಮುಚ್ಚಿ "ಮ್‌ಮ್‌ಮ್" ಎಂದು ಗುನುಗಿ. ದನಿ ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆಯೋ ತಮಟೆಯ ಹಿಂದಿನ ನೀರೋ ಅಡ್ಡ ಇರಬಹುದು. ಚೆನ್ನಾಗಿರುವ ಕಿವಿಯ ಕಡೆಗೆ ದನಿ ವಾಲಿದರೆ ನರದ ಮೇಲೆ ಅನುಮಾನ ಬರುತ್ತದೆ. ನಾವು 512 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಬಡಿದು ಹಣೆಯ ನಡುವೆ ಇಟ್ಟು ನೋಡುವುದೂ ಇದನ್ನೇ. ಹಾಗೆ ಅನುಮಾನ ಬಂದರೆ ಅದೇ ದಿನ ಕಿವಿ ವೈದ್ಯರನ್ನು ನೋಡಿ. ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರದೊಳಗೆ, ಬೇಗ ಶುರುವಾದಷ್ಟೂ ಒಳ್ಳೆಯದು. ತಿಂಗಳು ಕಳೆದು ಬಂದವರಿಗೆ ಕೊಡಲು ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಆಸರೆಯಿಲ್ಲದೆ ನಿಲ್ಲಲು ಆಗದಿದ್ದರೆ ಕಿವಿ ವೈದ್ಯರ ಸರದಿಗೆ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ. ಕಿವಿಯೂ ಮಂದವಾಗಿದೆ, ಹಾಗಾಗಿ ಇದು ಕಿವಿಯದ್ದೇ ತೊಂದರೆ ಎಂದುಕೊಳ್ಳಬೇಡಿ. ಒಳಕಿವಿಗೆ ರಕ್ತ ಬರುವುದು ಮಿದುಳಿನ ರಕ್ತನಾಳದ ಕವಲಿನಿಂದಲೇ. ಅಲ್ಲಿ ಸ್ಟ್ರೋಕ್ ಆದರೆ ಎರಡೂ ಒಟ್ಟಿಗೆ ಕೆಡಬಹುದು.

ಗುಂಯ್ ಸದ್ದು ಒಂದೇ ಉಳಿದವರ ಸಂಕಟ ಬೇರೆ. ಎರಡೂ ಕಿವಿಯಲ್ಲಿ ಒಂದೇ ಥರ ಇದ್ದರೆ ಸಾಮಾನ್ಯವಾಗಿ ಭಯವಿಲ್ಲ. ಒಂದೇ ಕಿವಿಯಲ್ಲಿದ್ದು ಆ ಕಿವಿ ಮಂದವೂ ಆಗಿದ್ದರೆ ಶ್ರವಣನರದ ಗಡ್ಡೆ ಇಲ್ಲವೆಂದು ಎಂಆರ್‌ಐ ಮಾಡಿ ಖಚಿತಪಡಿಸಿಕೊಳ್ಳಬೇಕು. ನಾಡಿಯ ಲಯದಲ್ಲಿ ಧಕ್ ಧಕ್ ಅಂದರೆ ರಕ್ತನಾಳ ನೋಡಬೇಕು. ಕಿವಿ ಮಂದವಾದಾಗ ಮಿದುಳು ಬಾರದ ಸದ್ದಿಗಾಗಿ ವಾಲ್ಯೂಮ್ ಏರಿಸುತ್ತದೆ, ಆಗ ಕೇಳುವ ಕೊರೆತವೇ ಹೆಚ್ಚಾಗಿ ಈ ಗುಂಯ್ ಸದ್ದು. ಅದಕ್ಕೇ ಹಿಯರಿಂಗ್ ಏಡ್ ಹಾಕಿದಾಗ ಹಲವರಿಗೆ ಗುಂಯ್ ತಗ್ಗುತ್ತದೆ. ರಾತ್ರಿ ಮಲಗುವಾಗ ಪೂರ್ತಿ ಮೌನ ಬೇಡ, ಫ್ಯಾನಿನ ಸದ್ದಾದರೂ ಇರಲಿ. ನಿದ್ದೆ, ನೆಮ್ಮದಿ ಎರಡೂ ಕೆಟ್ಟಿದ್ದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಯೋಚನೆ, ನಡವಳಿಕೆಯನ್ನು ತಿದ್ದಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ, ನಿಜಕ್ಕೂ ನೆರವಾಗುತ್ತದೆ. ಅದನ್ನು ಸೂಚಿಸಿದರೆ "ಎಲ್ಲ ನಿಮ್ಮ ಭ್ರಮೆ" ಎಂದಂತಲ್ಲ.

ಕಡೆಯದಾಗಿ, ಸುತ್ತಿನ ಮಾತ್ರೆಗಳು. ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್ ಥರದವು ತೀವ್ರ ಸುತ್ತು, ವಾಂತಿ ಇರುವ ಎರಡು ಮೂರು ದಿನಕ್ಕೆ ಬೇಕು. ತಿಂಗಳುಗಟ್ಟಲೆ ನುಂಗಿದರೆ ಮಿದುಳು ತಾನಾಗಿ ಸರಿದೂಗಿಸಿಕೊಳ್ಳುವುದು ನಿಧಾನವಾಗುತ್ತದೆ. ವಯಸ್ಸಾದವರಲ್ಲಿ ಕೈ ನಡುಕ, ಮೈ ಬಿಗಿತವೂ ಬರಬಹುದು. ಸಮತೋಲನದ ನರಕ್ಕೆ ಪೆಟ್ಟಾದವರಿಗೆ ಮಾತ್ರೆಗಿಂತ ವ್ಯಾಯಾಮ ಮುಖ್ಯ. ಹೆಬ್ಬೆರಳನ್ನು ಮುಖದ ಎದುರು ಹಿಡಿದು, ಅದರ ಮೇಲೆ ಕಣ್ಣು ನೆಟ್ಟು, ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುವುದು ಅದರಲ್ಲಿ ಒಂದು. ಮೊದಲ ದಿನಗಳಲ್ಲಿ ಇದರಿಂದ ಸುತ್ತು ಸ್ವಲ್ಪ ಜಾಸ್ತಿಯೇ ಆಗುತ್ತದೆ. ಅದಕ್ಕೆ ಹೆದರಿ ಬಿಡಬೇಡಿ. ಕೆಲವು ವಾರ ಮಾಡಿದರೂ ಬದಲಾವಣೆ ಇಲ್ಲದಿದ್ದರೆ ವಾಪಸ್ ಬನ್ನಿ, ಮತ್ತೆ ಮೊದಲಿನಿಂದ ನೋಡೋಣ.