ಆಟಿಸಂ ಎಂದರೆ ಮೆದುಳಿನೊಳಗೆ ತಂತಿ ಕಡಿದಿದೆ ಎಂದರ್ಥವೇ?

ಪ್ರಶ್ನೆ: ಆಟಿಸಂ ಇರುವ ಮಕ್ಕಳಲ್ಲಿ ಮೆದುಳಿನ ಭಾಗಗಳ ನಡುವೆ ಸಂಪರ್ಕ ಕಡಿಮೆ ಇರುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಒಂದು ಸ್ಕ್ಯಾನ್ ಮಾಡಿಸಿ, ಸಂಪರ್ಕ ಎಲ್ಲಿ ತಪ್ಪಿದೆ ಎಂದು ಕಂಡುಹಿಡಿದು ಸರಿಪಡಿಸಲು ಆಗುವುದಿಲ್ಲವೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಆದರೆ ಇದನ್ನು ಕೇಳುವವರಲ್ಲಿ ಹೆಚ್ಚಿನವರು ತಂದೆತಾಯಂದಿರು; ಆದ್ದರಿಂದ ಈ ಸಲ ಬುಡದಿಂದಲೇ ಬಿಡಿಸಿ ಹೇಳುತ್ತೇನೆ. ಆಟಿಸಂ ಇದೆಯೋ ಇಲ್ಲವೋ ಎಂದು ತೀರ್ಮಾನಿಸಬಲ್ಲ ಮೆದುಳಿನ ಸ್ಕ್ಯಾನ್ ಇಂದಿಗೂ ಇಲ್ಲ. ಮಗುವಿನ ಬೆಳವಣಿಗೆಯ ವಿವರಗಳನ್ನು ಕೇಳಿ, ಅದರ ಮಾತು, ಆಟ, ಒಡನಾಟಗಳನ್ನು ಗಮನಿಸಿ ತಜ್ಞರು ಆಟಿಸಂ ಅನ್ನು ಗುರುತಿಸುತ್ತಾರೆ. ಸರಿಪಡಿಸಬೇಕಾದ ಕಡಿದ ತಂತಿಯೂ ಅಲ್ಲಿಲ್ಲ.

ಗೊಂದಲ ಹುಟ್ಟುವುದು ‘ಸಂಪರ್ಕ’ ಎಂಬ ಪದದಲ್ಲಿ. ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಹಾಯುವ ನರತಂತುಗಳ ಕಟ್ಟು ಒಂದು ಬಗೆಯ ಸಂಪರ್ಕ. ಅದು ವಸ್ತು, ಇರುವಂಥದ್ದು. ಸುದ್ದಿಗಳಲ್ಲಿ ಬರುವ ‘ಸಂಪರ್ಕ ಕಡಿಮೆ’ ಎಂಬ ಮಾತು ಬಹುತೇಕ ಇದರ ಕುರಿತಾದುದಲ್ಲ. ಫಂಕ್ಷನಲ್ ಎಂಆರ್‌ಐ ಎಂಬ ಸ್ಕ್ಯಾನ್ ಅಳೆಯುವುದು ಮೆದುಳಿನ ಭಾಗಗಳಲ್ಲಿನ ರಕ್ತದ ಆಮ್ಲಜನಕದ ಏರಿಳಿತವನ್ನು; ಆ ಸುದ್ದಿಗಳು ಹೆಚ್ಚಾಗಿ ಬರುವುದು ಇದರಿಂದಲೇ. 1995ರಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು, ವ್ಯಕ್ತಿ ಏನೂ ಮಾಡದೆ ಸುಮ್ಮನೆ ಮಲಗಿದ್ದಾಗಲೂ ಕೈಗಳ ಚಲನೆಯನ್ನು ನಿಯಂತ್ರಿಸುವ ಎಡಬಲದ ಎರಡು ಭಾಗಗಳಲ್ಲಿ ಈ ಏರಿಳಿತ ಜೊತೆಜೊತೆಯಾಗಿ ಸಾಗುತ್ತದೆಂದು ತೋರಿಸಿದರು. ಹೀಗೆ ಎರಡು ಭಾಗಗಳ ಲಯ ಎಷ್ಟು ಹೊಂದುತ್ತದೆ ಎಂಬ ಸಂಖ್ಯಾಶಾಸ್ತ್ರದ ಲೆಕ್ಕಕ್ಕೇ ‘ಸಂಪರ್ಕ’ ಎಂಬ ಹೆಸರು ಬಂದಿದೆ. ಲಯ ಕಡಿಮೆ ಹೊಂದಿದರೆ ನಡುವಿನ ತಂತು ತುಂಡಾಗಿದೆ ಎಂದು ಅರ್ಥವಾಗುವುದಿಲ್ಲ.

2004ರಲ್ಲಿ ಮಾರ್ಸೆಲ್ ಜಸ್ಟ್ ಅವರ ತಂಡ, ವಾಕ್ಯಗಳನ್ನು ಅರ್ಥಮಾಡಿಕೊಳ್ಳುವ ಹೊತ್ತಿನಲ್ಲಿ ಆಟಿಸಂ ಇರುವವರ ಮೆದುಳಿನ ಭಾಗಗಳ ನಡುವೆ ಈ ಹೊಂದಾಣಿಕೆ ಕಡಿಮೆ ಎಂದು ವರದಿ ಮಾಡಿತು. ಮುಂದೆ ಇದಕ್ಕೆ ಇನ್ನೊಂದು ವಿವರಣೆ ಸೇರಿತು: ದೂರದ ಭಾಗಗಳ ನಡುವೆ ಸಂಪರ್ಕ ಕಡಿಮೆ, ಅಕ್ಕಪಕ್ಕದ ಭಾಗಗಳ ನಡುವೆ ಹೆಚ್ಚು. ಕೇಳಲು ಸೊಗಸಾದ, ನೆನಪಿನಲ್ಲಿ ಉಳಿಯುವ ಚಿತ್ರ. ಅದಕ್ಕೇ ಅದು ಇಂದಿಗೂ ಹೋಗುತ್ತಿಲ್ಲ. ಆದರೆ 2012ರಲ್ಲಿ ಮೂರು ತಂಡಗಳು ಬೇರೆಬೇರೆಯಾಗಿ ಒಂದು ಕಹಿ ಸತ್ಯವನ್ನು ಮುಂದಿಟ್ಟವು. ಸ್ಕ್ಯಾನರ್‌ನೊಳಗೆ ತಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಲುಗಾಡಿದರೂ ಲೆಕ್ಕ ಕೆಡುತ್ತದೆ, ಅದೂ ದೂರದ ಸಂಪರ್ಕ ಕಡಿಮೆಯಾದಂತೆ, ಹತ್ತಿರದ್ದು ಹೆಚ್ಚಾದಂತೆ ಕಾಣುವ ರೀತಿಯಲ್ಲಿಯೇ! ಗದ್ದಲದ ಇಕ್ಕಟ್ಟಿನ ಕೊಳವೆಯೊಳಗೆ ಅಲುಗದೆ ಮಲಗುವುದು ಯಾವ ಮಗುವಿಗೂ ಕಷ್ಟ. ಶಬ್ದಕ್ಕೆ, ಸ್ಪರ್ಶಕ್ಕೆ ಬೇಗ ಕಸಿವಿಸಿಗೊಳ್ಳುವ ಮಗುವಿಗೆ ಇನ್ನೂ ಕಷ್ಟ. ಹಾಗಾಗಿ ಹಳೆಯ ಫಲಿತಾಂಶಗಳಲ್ಲಿ ಮೆದುಳಿನದೆಷ್ಟು, ಅಲುಗಾಟದ್ದೆಷ್ಟು ಎಂದು ಮತ್ತೆ ಅಳೆಯಬೇಕಾಯಿತು.

ವ್ಯತ್ಯಾಸವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆಟಿಸಂ ಇರುವ 539 ಮತ್ತು ಇಲ್ಲದ 573 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ ‘ಅಬೈಡ್’ ಸಂಗ್ರಹದ ಮೊದಲ ವರದಿ 2014ರಲ್ಲಿ ಪ್ರಕಟವಾಯಿತು. ಮೆದುಳಿನ ಹೊರಪದರದ ಭಾಗಗಳ ನಡುವೆ ಹೊಂದಾಣಿಕೆ ಸರಾಸರಿಯಲ್ಲಿ ಕಡಿಮೆಯಿದ್ದರೆ, ಇಂದ್ರಿಯಗಳ ಸಂಕೇತಗಳನ್ನು ಹೊರಪದರಕ್ಕೆ ರವಾನಿಸುವ, ಒಳಗಿರುವ ಥಲಾಮಸ್ ಮತ್ತು ಇಂದ್ರಿಯಾನುಭವದ ಭಾಗಗಳ ನಡುವೆ ಅದು ಹೆಚ್ಚಾಗಿಯೇ ಕಂಡಿತು. ‘ಸರಾಸರಿ’ ಎಂಬ ಪದವನ್ನು ದಯವಿಟ್ಟು ಹಾರಿಸಿ ಓದಬೇಡಿ. ಗಂಡಸರ ಸರಾಸರಿ ಎತ್ತರ ಹೆಂಗಸರದಕ್ಕಿಂತ ಹೆಚ್ಚು. ಆದರೆ ಎತ್ತರವೊಂದನ್ನೇ ಹೇಳಿದರೆ ಆ ವ್ಯಕ್ತಿ ಗಂಡೋ ಹೆಣ್ಣೋ ಎಂದು ನಿಶ್ಚಯಿಸಲಾಗದು. ಇಲ್ಲಿಯೂ ಎರಡು ಗುಂಪುಗಳ ಅಳತೆಗಳು ಬಹುಮಟ್ಟಿಗೆ ಒಂದರೊಳಗೊಂದು ಬೆರೆತಿವೆ.

ತಂತಿಯ ಹೋಲಿಕೆಯನ್ನು ಇನ್ನೂ ಬಿಡಲಾಗದವರಿಗೆ ಒಂದು ನಿದರ್ಶನ. ಎಡಬಲ ಮಿದುಳರ್ಧಗಳನ್ನು ಜೋಡಿಸುವ ಅತಿದೊಡ್ಡ ನರತಂತು ಕಟ್ಟಾದ ಕಾರ್ಪಸ್ ಕ್ಯಾಲೋಸಮ್ ಇಲ್ಲದೆಯೇ ಕೆಲವರು ಹುಟ್ಟುತ್ತಾರೆ. ಅವರಲ್ಲಿ ಕೆಲವರಿಗೆ ಆಟಿಸಂ ಲಕ್ಷಣಗಳಿರುತ್ತವೆ, ಅನೇಕರಿಗೆ ಇರುವುದಿಲ್ಲ. ಅಷ್ಟು ದೊಡ್ಡ ಸೇತುವೆ ಇಲ್ಲದಿರುವುದೇ ಆಟಿಸಂ ಅನ್ನು ತಪ್ಪದೆ ತರುವುದಿಲ್ಲವಾದರೆ, ಕಾಣದ ಒಂದು ಎಳೆಯ ಮೇಲೆ ದೋಷ ಹೊರಿಸುವುದು ಹೇಗೆ?

ಹಾಗಾದರೆ ತಂತಿ ನಿಜಕ್ಕೂ ಹಾಳಾಗುವ ಕಾಯಿಲೆ ಯಾವುದು? ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಬೇಕೆನಿಸುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ನರತಂತುಗಳ ಸುತ್ತಲಿನ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ನಾಶವಾಗಿ ಸಂಕೇತಗಳ ವೇಗ ತಗ್ಗುತ್ತದೆ, ಕೆಲವು ನಿಂತೇಹೋಗುತ್ತವೆ. ಆ ಗಾಯಗಳು ಸಾಮಾನ್ಯ ಎಂಆರ್‌ಐಯಲ್ಲಿಯೇ ಕಾಣುತ್ತವೆ. ಮೂರ್ಛೆರೋಗದ್ದು ಇದಕ್ಕೆ ತದ್ವಿರುದ್ಧ: ಅಪಾರ ನರಕೋಶಗಳು ಅತಿಯಾಗಿ ಒಂದೇ ಲಯಕ್ಕೆ ಬೀಳುವುದರಿಂದಲೇ ಸೆಳವು ಹುಟ್ಟುತ್ತದೆ. ಔಷಧಕ್ಕೆ ಬಗ್ಗದ, ಇದ್ದಕ್ಕಿದ್ದಂತೆ ನೆಲಕ್ಕೆ ಬೀಳಿಸುವ ಸೆಳವುಗಳಿಗೆ ಶಸ್ತ್ರಚಿಕಿತ್ಸಕರು ಅದೇ ಕಾರ್ಪಸ್ ಕ್ಯಾಲೋಸಮ್ ಅನ್ನು ಕತ್ತರಿಸುವುದುಂಟು. ಸಂಪರ್ಕ ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನುವವರು ಇದನ್ನು ಗಮನಿಸಬೇಕು.

‘ಹಾಗಿದ್ದರೆ ನಮ್ಮ ವೈದ್ಯರು ಇಇಜಿ ಬರೆದುಕೊಟ್ಟಿದ್ದೇಕೆ?’ ಎಂದು ನೀವು ಕೇಳಬಹುದು. ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಆ ಪರೀಕ್ಷೆ ಆಟಿಸಂ ಅನ್ನು ಪತ್ತೆಹಚ್ಚಲು ಅಲ್ಲ. ಆಟಿಸಂ ಇರುವವರಲ್ಲಿ ಮೂರ್ಛೆರೋಗ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಅದರ ಅನುಮಾನವಿದ್ದಾಗ, ಅಥವಾ ಕಲಿತ ಮಾತು ಹಠಾತ್ತನೆ ಮರೆಯಾದಾಗ ಈ ಪರೀಕ್ಷೆ ಬೇಕಾಗುತ್ತದೆ. ಮಗು ನಡುನಡುವೆ ಕೆಲವು ಕ್ಷಣ ಶೂನ್ಯದೃಷ್ಟಿಯಿಂದ ಸ್ತಬ್ಧವಾಗುತ್ತಿದ್ದರೆ, ಕರೆದರೂ ಮುಟ್ಟಿದರೂ ಪ್ರತಿಕ್ರಿಯಿಸದಿದ್ದರೆ, ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಆ ವೈದ್ಯರಿಗೆ ತೋರಿಸಿ.