ವೆನ್ಯೂ: ‘ಬರವು’ ಅಡಗಿರುವ ಪದ

ಆಮಂತ್ರಣ ಪತ್ರಿಕೆಯಲ್ಲಿ ದಿನಾಂಕ, ಸಮಯಗಳ ಕೆಳಗೆ ‘ವೆನ್ಯೂ’ ಎಂದು ಅಚ್ಚಾಗಿರುತ್ತದೆ. ಅದನ್ನು ‘ಸ್ಥಳ’ ಎಂದು ಓದಿಕೊಂಡು ಮುಂದೆ ಹೋಗುತ್ತೇವೆ. ತಪ್ಪೇನೂ ಇಲ್ಲ. ಆದರೆ ಎಲ್ಲ ಸ್ಥಳವೂ ವೆನ್ಯೂ ಅಲ್ಲ. ಖಾಲಿ ಬಯಲು ಒಂದು ಸ್ಥಳ ಅಷ್ಟೇ. ನಾಳೆ ಸಂಜೆ ಅಲ್ಲಿ ಸಂಗೀತ ಕಛೇರಿ ಎಂದು ನಿಶ್ಚಯವಾದರೆ ಅದೇ ಬಯಲು ವೆನ್ಯೂ ಆಗುತ್ತದೆ. ಕಛೇರಿ ಮುಗಿದು ಜನ ಚದುರಿದ ಮೇಲೆ ಮತ್ತೆ ಬಯಲೇ. ಕಾರ್ಯಕ್ರಮಗಳಿಗೆಂದೇ ಕಟ್ಟಿದ ಸಭಾಂಗಣ, ಕ್ರೀಡಾಂಗಣಗಳನ್ನು ಮಾತ್ರ ಖಾಲಿ ಇರುವಾಗಲೂ ಹಾಗೆ ಕರೆಯುವುದುಂಟು.

ಈ ಪದದ ಬೇರು ಲ್ಯಾಟಿನ್ನಿನ ‘ವೆನಿರೆ’ ಎಂಬ ಕ್ರಿಯಾಪದ. ಅರ್ಥ ‘ಬರು’. ಹಳೆಯ ಫ್ರೆಂಚಿನಲ್ಲಿ ‘ವೆನ್ಯೂ’ ಎಂದರೆ ಬರುವಿಕೆ, ನಮ್ಮ ‘ಬರವು’. ಯಾರದೋ ಬರವನ್ನು ಕಾಯುತ್ತೇವಲ್ಲ, ಅದೇ. ಇಂಗ್ಲಿಷಿಗೆ ಬಂದ ಹೊಸತರಲ್ಲಿ ಇದಕ್ಕೆ ಎರಗಿ ಬರುವುದು, ದಾಳಿ ಎಂಬ ಅರ್ಥವಿತ್ತು. ಕತ್ತಿವರಸೆಯಲ್ಲಿ ಒಂದು ತಿವಿತಕ್ಕೂ ಇದೇ ಹೆಸರು. 16ನೇ ಶತಮಾನದಲ್ಲಿ ಪದ ನ್ಯಾಯಾಲಯ ಹೊಕ್ಕಿತು: ಮೊಕದ್ದಮೆಯ ತೀರ್ಪುಗಾರರು (ಜ್ಯೂರಿ, ಅಂದರೆ ಸಾಮಾನ್ಯ ಜನರಿಂದ ಆರಿಸಿದ ಮಂದಿ) ಯಾವ ಸೀಮೆಯಿಂದ ಬರಬೇಕೋ, ವಿಚಾರಣೆ ಎಲ್ಲಿ ನಡೆಯಬೇಕೋ ಅದು ವೆನ್ಯೂ. ಕ್ರೀಡೆ, ಸಭೆ, ಕಛೇರಿಗಳ ತಾಣ ಎಂಬ ಇಂದಿನ ಅರ್ಥ 19ನೇ ಶತಮಾನದ್ದು.

ಹಳೆಯ ಕಾನೂನಿನ ಅರ್ಥ ಇನ್ನೂ ಜೀವಂತವಾಗಿದೆ. 1995ರಲ್ಲಿ ಅಮೆರಿಕದ ಓಕ್ಲಹೋಮ ನಗರದ ಸರ್ಕಾರಿ ಕಟ್ಟಡವನ್ನು ಬಾಂಬಿಟ್ಟು ಒಡೆದ ಆರೋಪಿಯ ವಿಚಾರಣೆಯನ್ನು ಬೇರೊಂದು ರಾಜ್ಯದ ಡೆನ್ವರ್‌ಗೆ ವರ್ಗಾಯಿಸಲಾಯಿತು. ನೊಂದ ಊರಿನಲ್ಲೇ ಪೂರ್ವಗ್ರಹವಿಲ್ಲದ ತೀರ್ಪುಗಾರರು ಸಿಗುವುದು ಕಷ್ಟವೆಂಬುದು ಕಾರಣ. ಅಲ್ಲಿನ ವಕೀಲರು ಇದನ್ನು ‘ವೆನ್ಯೂ ಬದಲಾವಣೆ’ ಎನ್ನುತ್ತಾರೆ.

ಇದರ ಒಡಹುಟ್ಟುಗಳನ್ನು ನೋಡಿದಾಗ ನನಗೆ ಪ್ರತಿಸಲವೂ ಸಂತೋಷವಾಗುತ್ತದೆ. ‘ಅವೆನ್ಯೂ’ ಎಂದರೆ ಬಂದು ಸೇರುವ ದಾರಿ. ‘ರೆವೆನ್ಯೂ’ ಎಂದರೆ ಮರಳಿ ಬಂದದ್ದು, ಆದಾಯ. ‘ಇವೆಂಟ್’ ಕೂಡ ಇದೇ ಮನೆಯದು. ಹೊರಬಂದದ್ದು, ಸಂಭವಿಸಿದ್ದು ಎಂದು ಅದರ ಮೂಲಾರ್ಥ. ಇವೆಂಟಿಗೆ ವೆನ್ಯೂ ಬೇಕೆನ್ನುವಾಗ ಒಂದೇ ಧಾತುವಿನ ಎರಡು ಕವಲುಗಳನ್ನು ಜೋಡಿಸುತ್ತಿರುತ್ತೇವೆ.

ಕ್ರೀಡಾ ವರದಿಗಳಲ್ಲಿ ಆತಿಥೇಯ ನಗರವನ್ನೂ ವೆನ್ಯೂವನ್ನೂ ಒಂದೇ ಎಂದು ಬರೆಯುವುದಿದೆ. ಎರಡೂ ಬೇರೆ. 1956ರ ಒಲಿಂಪಿಕ್ಸ್‌ನ ಆತಿಥೇಯ ನಗರ ಆಸ್ಟ್ರೇಲಿಯಾದ ಮೆಲ್ಬರ್ನ್. ಆದರೆ ಹೊರಗಿನ ಪ್ರಾಣಿಗಳನ್ನು ಒಳಬಿಡಲು ಆ ದೇಶದ ಕ್ವಾರಂಟೈನ್ ನಿಯಮಗಳು ಬಹಳ ಕಠಿಣವಾಗಿದ್ದುದರಿಂದ ಕುದುರೆ ಸವಾರಿ ಸ್ಪರ್ಧೆಗಳು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ, ಅದೂ ತಿಂಗಳುಗಳ ಮೊದಲೇ, ನಡೆದವು. ಒಂದೇ ಕೂಟ, ವೆನ್ಯೂ ಮಾತ್ರ ಬೇರೊಂದು ಖಂಡದಲ್ಲಿ!

ಕನ್ನಡದಲ್ಲಿ ‘ಸ್ಥಳ’, ‘ತಾಣ’ ಎರಡೂ ಸಲ್ಲುತ್ತವೆ. ‘ವೇದಿಕೆ’ ಎಂದು ಅನುವಾದಿಸುವುದನ್ನು ಮಾತ್ರ ನಾನು ಒಪ್ಪಲಾರೆ; ಕಲಾವಿದರು ನಿಲ್ಲುವುದು ವೇದಿಕೆ, ಅವರೂ ಪ್ರೇಕ್ಷಕರೂ ಸೇರಿ ಬರುವ ಇಡೀ ಜಾಗ ವೆನ್ಯೂ. ‘ವೆನ್ಯೂ ಸ್ಥಳ’ ಎಂದು ಎರಡನ್ನೂ ಜೋಡಿಸಿದರೆ ಪುನರುಕ್ತಿ. ಅಂತರಜಾಲದಲ್ಲೇ ನಡೆಯುವ ಸಭೆಗಳ ಪ್ರಕಟಣೆಯಲ್ಲಿ ಈಗ ವೆನ್ಯೂ ಎಂಬಲ್ಲಿ ಒಂದು ಲಿಂಕ್ ಇರುತ್ತದೆ. ಅಲ್ಲಿ ‘ಸ್ಥಳ’ ಎಂದು ಬರೆದರೆ ಓದುವವರು ತಡವರಿಸುತ್ತಾರೆ. ‘ಸೇರುವುದು ಎಲ್ಲಿ’ ಎಂದು ಬರೆದರೆ ಸಭಾಂಗಣಕ್ಕೂ ಲಿಂಕಿಗೂ ಹೊಂದುತ್ತದೆ.