ಡೇಟಾಬೇಸ್ ಫಾರ್ಮ್‌ನಲ್ಲಿ ಕೆಲವು ನಂಬರ್ ಎಡಕ್ಕೆ, ಕೆಲವು ಬಲಕ್ಕೆ ಕೂರೋದು ಯಾಕೆ?

ಪ್ರಶ್ನೆ: ನಮ್ಮೂರ ಹಾಲಿನ ಡೈರಿ ಲೆಕ್ಕಕ್ಕೆ ಅಂತ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಒಂದು ಫಾರ್ಮ್ ಮಾಡಿದೀನಿ. ಬೆಳಿಗ್ಗೆ ಲೀಟರ್, ಸಂಜೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಲ್ಲಿ ಕೊಬ್ಬು ಬಿಟ್ಟು ಉಳಿದ ಘನ ಅಂಶ), ರೇಟು, ದುಡ್ಡು ಎಲ್ಲಾ ಇದೆ. ಆದ್ರೆ ಕೆಲವು ಬಾಕ್ಸಲ್ಲಿ ನಂಬರ್ ಬಲಕ್ಕೆ ಬರುತ್ತೆ, ಕೆಲವದ್ರಲ್ಲಿ ಎಡಕ್ಕೆ, ನಾನಂತೂ ಏನೂ ಸೆಟ್ ಮಾಡಿಲ್ಲ. ಅರೇಂಜ್‌ಗೆ ಹೋಗಿ ಅಲೈನ್ ರೈಟ್ ಕೊಟ್ರೆ ಬಾಕ್ಸೇ ಜರುಗುತ್ತೆ, ಒಳಗಿನ ನಂಬರ್ ಅಲ್ಲೇ ಇರುತ್ತೆ. ಎಲ್ಲಾನೂ ಬಲಕ್ಕೆ ತರೋದು ಹೇಗೆ?

ಉತ್ತರ: ಕೊನೇ ಮಾತಿಂದಾನೇ ಶುರು ಮಾಡೋಣ, ಯಾಕಂದ್ರೆ ಇಲ್ಲಿ ತುಂಬಾ ಜನ ಸಿಕ್ಕಿಹಾಕ್ಕೊಳ್ತಾರೆ. ಅರೇಂಜ್ ಟ್ಯಾಬಲ್ಲಿರೋ ಅಲೈನ್ ಇದೆಯಲ್ಲ, ಅದು ಬಾಕ್ಸ್‌ಗಳನ್ನ ಒಂದಕ್ಕೊಂದು ಸಾಲು ಹಿಡಿಸೋಕೆ ಮಾತ್ರ, ಒಳಗಿನ ಅಕ್ಷರಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿಮಗೆ ಬೇಕಿರೋದು ಟೆಕ್ಸ್ಟ್ ಅಲೈನ್ ಅನ್ನೋ ಪ್ರಾಪರ್ಟಿ. ಫಾರ್ಮನ್ನ ಡಿಸೈನ್ ವ್ಯೂನಲ್ಲಿ ತೆಗೀರಿ, ಬಾಕ್ಸ್ ಸೆಲೆಕ್ಟ್ ಮಾಡಿ ಎಫ್4 ಒತ್ತಿ, ಪ್ರಾಪರ್ಟಿ ಶೀಟ್ ಬರುತ್ತೆ, ಅದರ ಫಾರ್ಮ್ಯಾಟ್ ಟ್ಯಾಬಲ್ಲಿ ಟೆಕ್ಸ್ಟ್ ಅಲೈನ್ ಇರುತ್ತೆ. ಜನರಲ್, ಲೆಫ್ಟ್, ಸೆಂಟರ್, ರೈಟ್, ಡಿಸ್ಟ್ರಿಬ್ಯೂಟ್ ಅಂತ 5 ಆಯ್ಕೆ. ಶಿಫ್ಟ್ ಹಿಡ್ಕೊಂಡು ಆರೇಳು ಬಾಕ್ಸ್ ಒಟ್ಟಿಗೆ ಸೆಲೆಕ್ಟ್ ಮಾಡಿದ್ರೆ ಒಂದೇ ಸಲಕ್ಕೆ ಎಲ್ಲದಕ್ಕೂ ರೈಟ್ ಕೊಡಬಹುದು.

ಆದ್ರೆ ದಯವಿಟ್ಟು ಈಗಲೇ ಹೋಗಿ ರೈಟ್ ಕೊಡಬೇಡಿ, ಒಂದು ನಿಮಿಷ ತಡೀರಿ. ನೀವು ಏನೂ ಸೆಟ್ ಮಾಡಿಲ್ಲ ಅಂದ್ರಲ್ಲ, ಅಂದ್ರೆ ನಿಮ್ಮ ಬಾಕ್ಸ್‌ಗಳೆಲ್ಲಾ ಜನರಲ್‌ನಲ್ಲೇ ಇವೆ. ಜನರಲ್ ಅಂದ್ರೆ ಆಕ್ಸೆಸ್ ತಾನೇ ಡೇಟಾ ನೋಡಿ ತೀರ್ಮಾನ ಮಾಡುತ್ತೆ: ನಂಬರ್ ಮತ್ತು ತಾರೀಖು ಆದ್ರೆ ಬಲಕ್ಕೆ, ಟೆಕ್ಸ್ಟ್ ಆದ್ರೆ ಎಡಕ್ಕೆ. ಹಂಗಾದ್ರೆ ಎಡಕ್ಕೆ ಹೋಗಿರೋ ನಂಬರ್‌ಗಳು ನಿಮ್ಮ ಕಣ್ಣಿಗೆ ನಂಬರ್, ಆಕ್ಸೆಸ್‌ಗೆ ಮಾತ್ರ ಬರೀ ಟೆಕ್ಸ್ಟ್. ಅದು ನಿಮಗೆ ಸುಳಿವು ಕೊಡ್ತಾ ಇದೆ, ಅದನ್ನ ರೈಟ್ ಕೊಟ್ಟು ಮುಚ್ಚಿಬಿಟ್ರೆ ನೋಡೋಕೆ ಚೆಂದ ಆಗುತ್ತೆ, ಲೆಕ್ಕ ಮಾತ್ರ ಒಳಗೊಳಗೇ ಕೆಟ್ಟಿರುತ್ತೆ.

ಹೇಗೆ ಕೆಡುತ್ತೆ ಅಂತ ನಿಮ್ಮ ಫಾರ್ಮಲ್ಲೇ ನೋಡಿ. ಒಬ್ಬ ರೈತರು ಬೆಳಿಗ್ಗೆ 12 ಲೀಟರ್, ಸಂಜೆ 8 ಲೀಟರ್ ಹಾಕಿದ್ರು ಅಂದ್ಕೊಳ್ಳಿ. ಎರಡೂ ಫೀಲ್ಡ್ ಟೇಬಲಲ್ಲಿ ಶಾರ್ಟ್ ಟೆಕ್ಸ್ಟ್ ಆಗಿದ್ದು, ಮೂರನೇ ಬಾಕ್ಸಲ್ಲಿ ಬೆಳಿಗ್ಗೆ ಪ್ಲಸ್ ಸಂಜೆ ಅಂತ ಬರೆದ್ರೆ 20 ಬರಲ್ಲ, 128 ಬರುತ್ತೆ. ಎರಡು ಟೆಕ್ಸ್ಟ್ ಮಧ್ಯೆ ಪ್ಲಸ್ ಇದ್ರೆ ಆಕ್ಸೆಸ್ ಅವನ್ನ ಕೂಡಲ್ಲ, ಒಂದರ ಪಕ್ಕ ಒಂದು ಅಂಟಿಸುತ್ತೆ ಅಷ್ಟೇ. ಇನ್ನೂ ಮೋಸ ಏನಪ್ಪಾ ಅಂದ್ರೆ ಗುಣಾಕಾರದಲ್ಲಿ ಹೀಗಾಗಲ್ಲ, ಟೆಕ್ಸ್ಟ್ ಆಗಿದ್ರೂ 12 ಇಂಟು 35 ಕೊಟ್ರೆ ಸರಿಯಾಗೇ 420 ಬರುತ್ತೆ, ಅದಕ್ಕೇ ಜನ ದುಡ್ಡಿನ ಬಾಕ್ಸ್ ನೋಡಿ ಎಲ್ಲಾ ಸರಿ ಇದೆ ಅಂತ ನಂಬ್ಕೊಂಡು ಕೂತಿರ್ತಾರೆ. ಸಾರ್ಟ್ ಮಾಡಿದ್ರೂ ಅಷ್ಟೇ, ಟೆಕ್ಸ್ಟ್ ಆದ್ರೆ 10 ಬಂದು 9ಕ್ಕಿಂತ ಮುಂಚೆ ಕೂರುತ್ತೆ.

ಸರಿ, ನಂಬರ್ ಟೆಕ್ಸ್ಟ್ ಆಗೋದು ಎಲ್ಲಿ? ಸಾಮಾನ್ಯವಾಗಿ ಮೂರು ಜಾಗದಲ್ಲಿ. ಒಂದು ಟೇಬಲಲ್ಲೇ, ಎಕ್ಸೆಲ್‌ನಿಂದ ಇಂಪೋರ್ಟ್ ಮಾಡುವಾಗ ಆ ಕಾಲಮ್‌ನಲ್ಲಿ ಯಾರೋ "12 ಲೀ" ಅಂತಲೋ "ಇಲ್ಲ" ಅಂತಲೋ ಬರೆದಿದ್ರೆ ಇಡೀ ಕಾಲಮ್ ಟೆಕ್ಸ್ಟ್ ಆಗಿ ಬಂದುಬಿಡಬಹುದು. ಹಂಗಾಗಿದ್ರೆ ಟೇಬಲ್‌ನ ಡಿಸೈನಲ್ಲಿ ಟೈಪ್ ಬದಲಾಯಿಸಿ, ಲೀಟರ್, ಫ್ಯಾಟ್‌ಗೆ ನಂಬರ್ ಕೊಟ್ಟು ಫೀಲ್ಡ್ ಸೈಜ್ ಡಬಲ್ ಇಡಿ, ದುಡ್ಡಿಗೆ ಕರೆನ್ಸಿ. ಅದಕ್ಕೂ ಮುಂಚೆ ಫೈಲ್‌ನ ಒಂದು ಕಾಪಿ ತೆಗೆದಿಡಿ, ಯಾಕಂದ್ರೆ ನಂಬರ್ ಆಗಿ ಓದೋಕಾಗದ ಎಂಟ್ರಿಗಳು ಟೈಪ್ ಬದಲಾದಾಗ ಅಳಿಸಿಹೋಗುತ್ತೆ, ಆಕ್ಸೆಸ್ ಒಂದು ಎಚ್ಚರಿಕೆ ತೋರಿಸುತ್ತೆ ನಿಜ, ಆದ್ರೆ ಅವಸರದಲ್ಲಿ ಯಸ್ ಒತ್ತಿದ್ರೆ ಮುಗೀತು.

ಎರಡನೇದು ಫಾರ್ಮ್ಯಾಟ್ ಫಂಕ್ಷನ್. ಎರಡು ದಶಾಂಶ ಬರ್ಲಿ ಅಂತ ಕಂಟ್ರೋಲ್ ಸೋರ್ಸಲ್ಲೇ (ಬಾಕ್ಸ್‌ಗೆ ಬೆಲೆ ಎಲ್ಲಿಂದ ಬರಬೇಕು ಅಂತ ಹೇಳೋ ಪ್ರಾಪರ್ಟಿ) ಫಾರ್ಮ್ಯಾಟ್ ಫಂಕ್ಷನ್ ಹಾಕಿರ್ತಾರೆ, ಅದು ವಾಪಸ್ ಕೊಡೋದೇ ಟೆಕ್ಸ್ಟ್, ಹಾಗಾಗಿ ಎಡಕ್ಕೆ ಹೋಗುತ್ತೆ. ಫಂಕ್ಷನ್ ತೆಗೆದು, ಅದೇ ಪ್ರಾಪರ್ಟಿ ಶೀಟಲ್ಲಿರೋ ಫಾರ್ಮ್ಯಾಟ್ ಪ್ರಾಪರ್ಟಿಗೆ ಫಿಕ್ಸೆಡ್ ಅಥವಾ ಸ್ಟ್ಯಾಂಡರ್ಡ್ ಕೊಡಿ, ಡೇಟಾ ನಂಬರ್ ಆಗೇ ಉಳಿಯುತ್ತೆ, ಕಾಣೋದು ಮಾತ್ರ ಬದಲಾಗುತ್ತೆ.

ಮೂರನೇದನ್ನ ಹುಡುಕೋದು ಸ್ವಲ್ಪ ಕಷ್ಟ. ಸಂಜೆ ಹಾಲು ಹಾಕದೇ ಇದ್ದಾಗ ಖಾಲಿ ಬರೋ ಬದಲು ಸೊನ್ನೆ ಬರ್ಲಿ ಅಂತ ಕ್ವೆರಿಯಲ್ಲಿ (ಟೇಬಲಿಂದ ಬೇಕಾದ್ದನ್ನ ಆರಿಸಿ ಕೊಡೋದು) ಎನ್‌ಝಡ್ (Nz) ಫಂಕ್ಷನ್ ಹಾಕ್ತೀವಲ್ಲ, ಅದರ ಫಲಿತಾಂಶವನ್ನ ಕ್ವೆರಿ ಎಷ್ಟೋ ಸಲ ಟೆಕ್ಸ್ಟ್ ಅಂತಲೇ ತಗೊಳ್ಳುತ್ತೆ. ಟೇಬಲ್ ಸರಿ ಇದೆ, ಫಾರ್ಮ್ ಸರಿ ಇದೆ, ಆದ್ರೂ ಎಡಕ್ಕೆ ಹೋಗಿದೆ ಅಂದ್ರೆ ಮೊದಲು ಇಲ್ಲೇ ನೋಡಿ. ಇಡೀ ಎನ್‌ಝಡ್ ಅನ್ನ ಸಿ-ಡಬಲ್ (CDbl) ಫಂಕ್ಷನ್ ಒಳಗೆ, ದುಡ್ಡಾದ್ರೆ ಸಿ-ಕರ್ (CCur) ಒಳಗೆ ಸುತ್ತಿಬಿಟ್ರೆ ನಂಬರ್ ಆಗುತ್ತೆ.

ಇದೆಲ್ಲಾ ಆದ್ಮೇಲೆ ನೋಡಿ, ಟೆಕ್ಸ್ಟ್ ಅಲೈನ್ ಮುಟ್ಟದೇನೇ ಎಲ್ಲಾ ನಂಬರ್ ಬಲಕ್ಕೆ ಬಂದಿರುತ್ತೆ. ಸದಸ್ಯರ ಕೋಡ್ ಮಾತ್ರ ಎಡಕ್ಕಿರುತ್ತೆ, ಅದು ಇರಬೇಕಾದ್ದೇ ಹಾಗೆ. 0042 ಅನ್ನೋದನ್ನ ನಂಬರ್ ಮಾಡಿದ್ರೆ ಮುಂದಿನ ಸೊನ್ನೆಗಳು ಹೋಗಿ ಬರೀ 42 ಉಳಿಯುತ್ತೆ. ಮೊಬೈಲ್ ನಂಬರ್ ಕೂಡ ಹಾಗೇ, ಅದನ್ನ ಯಾರೂ ಕೂಡೋದೂ ಇಲ್ಲ ಕಳೆಯೋದೂ ಇಲ್ಲ, ಟೆಕ್ಸ್ಟ್ ಆಗೇ ಇರ್ಲಿ.

ಬಲಕ್ಕೆ ಬಂದ್ರೂ ಚುಕ್ಕಿಗಳು ಒಂದರ ಕೆಳಗೊಂದು ಬರ್ತಿಲ್ಲ ಅಂದ್ರೆ ಡೆಸಿಮಲ್ ಪ್ಲೇಸಸ್ ಆಟೋದಲ್ಲಿದೆಯಾ ನೋಡಿ. ಆಕ್ಸೆಸ್‌ನಲ್ಲಿ ಚುಕ್ಕಿ ಹಿಡಿದು ಸಾಲು ಮಾಡೋ ಆಯ್ಕೆ ಇಲ್ಲ, ಹಾಗಾಗಿ ಎಲ್ಲದಕ್ಕೂ ಒಂದೇ ಲೆಕ್ಕದ ದಶಾಂಶ ಕೊಡ್ಬೇಕು, ಫ್ಯಾಟ್ ಮತ್ತು ಎಸ್‌ಎನ್‌ಎಫ್‌ಗೆ 1, ದುಡ್ಡಿಗೆ 2. ಕಾಲಮ್ ಮೇಲಿನ ಹೆಸರಿಗೂ ರೈಟ್ ಕೊಡಿ. ಲೇಬಲ್ ಯಾವಾಗ್ಲೂ ಟೆಕ್ಸ್ಟ್, ಜನರಲ್‌ನಲ್ಲಿ ಬಿಟ್ರೆ ಎಡಕ್ಕೇ ಹೋಗುತ್ತೆ, ಅಗಲದ ಬಾಕ್ಸಲ್ಲಿ ಹೆಸರು ಒಂದು ತುದಿ, ನಂಬರ್ ಇನ್ನೊಂದು ತುದಿ ಆಗಿ ಯಾವ ಹೆಸರು ಯಾವ ಕಾಲಮ್‌ದು ಅಂತಾನೇ ತಿಳಿಯಲ್ಲ.

ಇನ್ನು, ಬಾಕಿ ಇರೋರ ಸಾಲನ್ನ ಮಾತ್ರ ಬೇರೆ ಅಲೈನ್‌ಮೆಂಟಲ್ಲಿ ತೋರಿಸಬಹುದಾ ಅಂತಲೂ ಕೆಲವರು ಕೇಳ್ತಾರೆ. ಕಂಟಿನ್ಯೂಯಸ್ ಫಾರ್ಮಲ್ಲಿ, ಅಂದ್ರೆ ಎಲ್ಲರ ಸಾಲೂ ಒಂದರ ಕೆಳಗೊಂದು ಕಾಣೋ ಫಾರ್ಮಲ್ಲಿ, ಆಗಲ್ಲ. ಕೋಡ್ ಬರೆದು ಟೆಕ್ಸ್ಟ್ ಅಲೈನ್ ಬದಲಾಯಿಸಿದ್ರೆ ಎಲ್ಲಾ ಸಾಲೂ ಬದಲಾಗುತ್ತೆ, ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಬಣ್ಣ, ಬೋಲ್ಡ್, ಇಟಾಲಿಕ್ ಥರದ್ದು ಸಿಗುತ್ತೆ, ಅಲೈನ್‌ಮೆಂಟ್ ಸಿಗಲ್ಲ. ಬಣ್ಣಾನೇ ಕೊಡಿ, ಓದೋರಿಗೂ ಅದೇ ಬೇಗ ಕಾಣುತ್ತೆ.

ಎತ್ತರದ ಬಾಕ್ಸಲ್ಲಿ ಅಕ್ಷರ ಮೇಲಕ್ಕೇ ಅಂಟಿಕೊಂಡಿರುತ್ತೆ, ಮಧ್ಯಕ್ಕೆ ತರೋ ಪ್ರಾಪರ್ಟಿ ಆಕ್ಸೆಸ್‌ನಲ್ಲಿಲ್ಲ. ವರ್ಟಿಕಲ್ ಅಂತ ಒಂದಿದೆ, ಅದು ಅಕ್ಷರವನ್ನ ತಿರುಗಿಸಿ ನಿಲ್ಲಿಸುತ್ತೆ, ಅದನ್ನ ನಂಬಬೇಡಿ. ಟಾಪ್ ಮಾರ್ಜಿನ್‌ಗೆ ಸ್ವಲ್ಪ ಅಳತೆ ಕೊಟ್ಟು ಕೆಳಗಿಳಿಸಬೇಕು. ಲಿಬ್ರೆಆಫೀಸ್ ಬೇಸ್ ಬಳಸೋರಿಗೆ ಈ ತಾಪತ್ರಯ ಇಲ್ಲ, ಅಲ್ಲಿ ಮೇಲೆ, ಮಧ್ಯ, ಕೆಳಗೆ ಅಂತ ಬೇರೆ ಆಯ್ಕೆನೇ ಇದೆ. ಲೇಬಲ್ ಕನ್ನಡದಲ್ಲಿದ್ರೆ ಇನ್ನೊಂದು ನೋಡ್ಕೊಳ್ಳಿ: ಮಾರ್ಜಿನ್ ಜಾಸ್ತಿ ಆದ್ರೆ "ಮೊತ್ತ", "ಒಟ್ಟು" ಥರದ ಪದಗಳಲ್ಲಿ ಕೆಳಗಿನ ಒತ್ತು ಕತ್ತರಿಸಿಹೋಗುತ್ತೆ, ಇಂಗ್ಲಿಷ್ ಅಕ್ಷರಕ್ಕೆ ಸಾಕಾಗೋ ಎತ್ತರ ಕನ್ನಡಕ್ಕೆ ಸಾಲಲ್ಲ. ತುಂಗಾ ಆಗ್ಲಿ ನಿರ್ಮಲಾ ಯುಐ ಆಗ್ಲಿ, ಫಾಂಟ್ ಮೊದಲು ಇಟ್ಟು, ಒತ್ತಕ್ಷರ ಇರೋ ಪದವನ್ನೇ ಬರೆದು ನೋಡಿ, ಆಮೇಲೆ ಎತ್ತರ ಮತ್ತು ಮಾರ್ಜಿನ್ ಸೆಟ್ ಮಾಡಿ.